ಜಾಣತನ ಫೋನಿನೊಳಗೆ ಬೇಡ, ನಂಬರಿನ ಆಚೆ ಇರಲಿ

ಮಾನ್ಯ ಸಂಪಾದಕರೇ,

ಕರೆ, ಸಂದೇಶ, ಅಲಾರಾಂ, ಟಾರ್ಚ್ ಇಷ್ಟನ್ನೇ ಇಟ್ಟುಕೊಂಡ ಸರಳ ಫೋನುಗಳಿಗೂ ಕೃತಕ ಬುದ್ಧಿಮತ್ತೆಯನ್ನು (ಎಐ) ಸೇರಿಸಬೇಕೆ ಎಂಬ ಚರ್ಚೆ ಈಗ ನಡೆಯುತ್ತಿದೆ. ಗಂಗಾವತಿಯಲ್ಲಿ ಹಲವು ವರ್ಷಗಳಿಂದ ಮೊಬೈಲ್ ಮಾರಾಟ ಮತ್ತು ರಿಪೇರಿಯ ಅಂಗಡಿ ನಡೆಸುತ್ತಿರುವ ನನ್ನ ಉತ್ತರ, ಬೇಡ ಎಂಬುದು. ಹಾಗೆಂದು ಬಟನ್ ಫೋನ್ ಹಿಡಿದವರಿಗೆ ಈ ಹೊಸ ತಂತ್ರಜ್ಞಾನದ ಪ್ರಯೋಜನವೇ ಸಿಗಬಾರದು ಎಂದು ನಾನು ಹೇಳುತ್ತಿಲ್ಲ. ಅದು ಡಯಲ್ ಮಾಡಿದರೆ ಕನ್ನಡದಲ್ಲಿ ಉತ್ತರಿಸುವ ಒಂದು ನಂಬರಾಗಿ ಬರಲಿ, ಫೋನು ಮಾತ್ರ ಈಗಿರುವಷ್ಟೇ ಸರಳವಾಗಿ ಉಳಿಯಲಿ ಎಂಬುದು ನನ್ನ ವಾದ.

ಬಟನ್ ಫೋನ್ ಕೇಳಿಕೊಂಡು ಬರುವವರಲ್ಲಿ ಹೆಚ್ಚಿನವರು ಅಕ್ಕಿ ಗಿರಣಿಯ ಹಮಾಲರು, ಭತ್ತದ ನಾಟಿಗೆ ಹೋಗುವ ಹೆಣ್ಣುಮಕ್ಕಳು, ಕಣ್ಣು ಮಂಜಾದ ಹಿರಿಯರು. ಒಮ್ಮೆ ಚಾರ್ಜ್ ಮಾಡಿದರೆ ಎರಡು ಮೂರು ದಿನ ಬರಬೇಕು, ಗಿರಣಿಯ ಸದ್ದಿನಲ್ಲೂ ರಿಂಗ್ ಕೇಳಬೇಕು, ಕೈಯಿಂದ ಜಾರಿ ಬಿದ್ದರೂ ಒರೆಸಿಕೊಂಡು ಮಾತನಾಡುವಂತಿರಬೇಕು ಎಂಬುದು ಅವರ ಬೇಡಿಕೆ. ಇತ್ತೀಚಿನ ವರ್ಷಗಳಲ್ಲಿ ಇನ್ನೊಂದು ಬಗೆಯ ಗಿರಾಕಿಗಳೂ ಬರುತ್ತಿದ್ದಾರೆ. ನೀಟ್‌ಗೋ ಪೊಲೀಸ್ ನೇಮಕಾತಿಗೋ ಓದುತ್ತಿರುವ ಹುಡುಗ ಹುಡುಗಿಯರು ಕೈಯಲ್ಲಿ ಒಳ್ಳೆಯ ಸ್ಮಾರ್ಟ್‌ಫೋನ್ ಇದ್ದರೂ ಅದರ ಸಿಮ್ ತೆಗೆಸಿ ಬಟನ್ ಫೋನಿಗೆ ಹಾಕಿಸಿಕೊಂಡು ಹೋಗುತ್ತಾರೆ. ಪುಟ್ಟ ನ್ಯಾನೋ ಸಿಮ್ಮಿಗೆ ಅಡಾಪ್ಟರ್ ಹುಡುಕಿ ಕೊಡುವುದು ನನ್ನ ಕೆಲಸ. ಅಮೆರಿಕದ ಲೈಟ್ ಫೋನ್ ಕಂಪನಿ 2017ರಿಂದ ಇಂಥವರಿಗಾಗಿಯೇ ದುಬಾರಿ ಸರಳ ಫೋನುಗಳನ್ನು ಮಾಡುತ್ತಿದೆ. 2025ರಲ್ಲಿ ಬಂದ ಅದರ ಮೂರನೆಯ ಮಾದರಿಗೆ ಕ್ಯಾಮೆರಾ ಸೇರಿತಾದರೂ ಬ್ರೌಸರ್, ಇಮೇಲ್, ಸಾಮಾಜಿಕ ಜಾಲತಾಣಗಳಿಗೆ ಈಗಲೂ ಅಲ್ಲಿ ಜಾಗವಿಲ್ಲ. ಹಣವಿದ್ದು ಸರಳ ಫೋನ್ ಆರಿಸಿಕೊಂಡವರಿಗೂ ಹಣವಿಲ್ಲದೆ ಅದನ್ನೇ ಬಳಸುವವರಿಗೂ ಬೇಕಾಗಿರುವುದು ತಾವು ಮುಟ್ಟುವವರೆಗೆ ಸುಮ್ಮನಿರುವ ಯಂತ್ರ.

ಒಂದೇ ಒಂದು ಸೌಲಭ್ಯ ಸೇರಿಸಿದರೆ ಏನಾದೀತು ಎಂದು ಕೇಳುವವರು ಜಿಯೋಫೋನಿನ ಚರಿತ್ರೆಯನ್ನು ನೆನೆಯಬೇಕು. 2017ರಲ್ಲಿ ಕೀಲಿಗಳ ಫೋನಾಗಿಯೇ ಬಂದ ಅದಕ್ಕೆ ಧ್ವನಿ ಸಹಾಯಕ ಬಂದಿತು, ಮರುವರ್ಷ ಯೂಟ್ಯೂಬ್ ಮತ್ತು ವಾಟ್ಸ್ಆ್ಯಪ್ ಬಂದವು. ಜನರಿಗೆ ಅವು ಬೇಕಿದ್ದವು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ 2025ರ ಆರಂಭದ ಹೊತ್ತಿಗೆ ಅಂಥ ಫೋನುಗಳನ್ನು ನಡೆಸುವ ಕಾಯ್ ಓಎಸ್ ತಂತ್ರಾಂಶಕ್ಕೆ ವಾಟ್ಸ್ಆ್ಯಪ್ ಬೆಂಬಲ ನಿಂತುಹೋಯಿತು, ಬ್ಯಾಟರಿಯಾಗಲಿ ಕೀಲಿಯಾಗಲಿ ಕೆಡದ ಫೋನು ಅರ್ಧ ಕೆಲಸಕ್ಕೆ ಬಾರದಂತಾಯಿತು. ಯಾವುದೋ ದೇಶದ ಸರ್ವರನ್ನು ನಂಬಿದ ಸೌಲಭ್ಯವನ್ನು ಆ ಕಡೆಯವರು ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದು. ಬೇಡವಾದಾಗ ತೆಗೆದುಹಾಕುವ ಅನುಕೂಲ ಮಾತ್ರ ಬಳಕೆದಾರನಿಗೆ ಇರುವುದಿಲ್ಲ. 2024ರಲ್ಲಿ ವಾಟ್ಸ್ಆ್ಯಪ್ ಪರದೆಯ ಮೇಲೆ ಬಂದು ಕುಳಿತ ಮೆಟಾ ಎಐನ ನೀಲಿ ಉಂಗುರವನ್ನು ತೆಗೆಯುವುದು ಹೇಗೆಂದು ಕೇಳುವವರಿಗೆ, ಅದಕ್ಕೆ ದಾರಿಯಿಲ್ಲ ಎಂದು ಹೇಳಿ ಕಳುಹಿಸಬೇಕಾಗಿದೆ.

ತಾಂತ್ರಿಕವಾಗಿ ನೋಡಿದರೂ ಈ ಸೇರ್ಪಡೆಗೆ ಅರ್ಥವಿಲ್ಲ. ಆ್ಯಪಲ್ ಕಂಪನಿ ತನ್ನ ಕೃತಕ ಬುದ್ಧಿಮತ್ತೆಯನ್ನು ಕನಿಷ್ಠ 8 ಜಿಬಿ ರ‍್ಯಾಮ್ ಇರುವ ಐಫೋನುಗಳಿಗಷ್ಟೇ ಕೊಟ್ಟಿತು. ಜಿಯೋಫೋನಿನಲ್ಲಿ ಇದ್ದದ್ದು 512 ಎಂಬಿ, ಸಾಮಾನ್ಯ ಬಟನ್ ಫೋನುಗಳಲ್ಲಿ ಅದಕ್ಕಿಂತಲೂ ಎಷ್ಟೋ ಕಡಿಮೆ. ಅಲ್ಲಿ ಯಾವ ದೊಡ್ಡ ಭಾಷಾ ಮಾದರಿಯೂ (ಚಾಟ್‌ಜಿಪಿಟಿಯಂಥವನ್ನು ನಡೆಸುವ ತಂತ್ರಾಂಶ) ಓಡುವುದಿಲ್ಲವಾದ್ದರಿಂದ, ಡಬ್ಬಿಯ ಮೇಲೆ ಎಐ ಎಂದು ಮುದ್ರಿಸಿ ಮಾರುವ ಅಗ್ಗದ ಫೋನು ಮಾಡುವುದೆಲ್ಲ ನಮ್ಮ ದನಿಯನ್ನು ಇಂಟರ್‌ನೆಟ್ ಮೂಲಕ ದೂರದ ಸರ್ವರಿಗೆ ಕಳುಹಿಸಿ ಉತ್ತರ ತರಿಸುವ ಕೆಲಸ. ದನಿಯನ್ನು ದೂರಕ್ಕೆ ಕಳುಹಿಸಿ ಮರುದನಿ ತರುವುದಕ್ಕೆ ಫೋನ್ ಕರೆ ಎಂಬುದು ಮೊದಲಿನಿಂದಲೂ ಇದ್ದೇ ಇದೆಯಲ್ಲ! ಅದಕ್ಕೆ ಹೊಸ ಹ್ಯಾಂಡ್‌ಸೆಟ್ಟಾಗಲಿ ಡೇಟಾ ಪ್ಯಾಕಾಗಲಿ ಅಪ್‌ಡೇಟಾಗಲಿ ಬೇಕಿಲ್ಲ. ಕೆಂಪು ಗುಂಡಿ ಒತ್ತಿದರೆ ಮಾತು ಅಲ್ಲಿಗೆ ಮುಗಿಯುತ್ತದೆ, ‘ಇದನ್ನೂ ನೋಡಿ’ ಎಂದು ಯಾರೂ ಹಿಂದೆ ಬೀಳುವುದಿಲ್ಲ.

ಇದು ನನ್ನ ಕಲ್ಪನೆಯ ಮಾತಲ್ಲ. ರಿಸರ್ವ್ ಬ್ಯಾಂಕ್ 2022ರ ಮಾರ್ಚ್‌ನಲ್ಲಿ ಬಟನ್ (ಫೀಚರ್) ಫೋನುಗಳಿಗಾಗಿ ಆರಂಭಿಸಿದ ಯುಪಿಐ 123ಪೇ ವ್ಯವಸ್ಥೆಯಲ್ಲಿ ನಂಬರಿಗೆ ಕರೆ ಮಾಡಿಯೇ ಹಣ ಕಳುಹಿಸಬಹುದು. ರೈತರ ಪ್ರಶ್ನೆಗಳಿಗೆ ಕನ್ನಡದಲ್ಲೂ ಉತ್ತರಿಸುವ ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆ ಸ್ಮಾರ್ಟ್‌ಫೋನು ನಮ್ಮ ಹಳ್ಳಿಗಳಿಗೆ ಬರುವುದಕ್ಕೂ ಮೊದಲು, 2004ರಲ್ಲೇ ಶುರುವಾದ ಸೇವೆಯದು. ಅಲ್ಲಿ ಮನುಷ್ಯರೇ ಮಾತನಾಡುತ್ತಾರೆ. ಚಾಟ್‌ಜಿಪಿಟಿಯ ತಯಾರಕರಾದ ಓಪನ್ ಎಐ ಕೂಡ 2024ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಒಂದು ಟೋಲ್‌ಫ್ರೀ ನಂಬರ್ ತೆರೆದು, ಹಳೆಯ ಲ್ಯಾಂಡ್‌ಲೈನಿನಿಂದಲೂ ತಿಂಗಳಿಗೆ 15 ನಿಮಿಷ ಉಚಿತವಾಗಿ ಮಾತನಾಡುವ ಅವಕಾಶ ಕೊಟ್ಟಿತು. ಆ ಕಡೆಯ ಯಂತ್ರ ಎಷ್ಟೇ ಜಾಣವಾಗಲಿ, ಈ ಕಡೆಯ ಫೋನು ಬದಲಾಗಬೇಕಿಲ್ಲ.

ಕೃತಕ ಬುದ್ಧಿಮತ್ತೆ ಬೇಕು ಎನ್ನುವವರು ಮುಂದಿಡುವ ಅತಿ ಬಲವಾದ ಕಾರಣವೆಂದರೆ ಸಂದೇಶ ಓದಿ ಹೇಳುವುದು. ಅದರ ಅಗತ್ಯ ನನ್ನ ಅಂಗಡಿಯ ಕಟ್ಟೆಯ ಮೇಲೆಯೇ ಕಾಣುತ್ತದೆ. ತಾಯಂದಿರು ಫೋನನ್ನು ಮುಂದಿಟ್ಟು, ‘ಇದು ಗೃಹಲಕ್ಷ್ಮಿ ರೊಕ್ಕದ್ದೇನ್ರಿ, ಬ್ಯಾರೇದೇನ್ರಿ, ಸ್ವಲ್ಪ ನೋಡ್ರಿ’ ಎನ್ನುತ್ತಾರೆ. ಖಾತೆ ಸಂಖ್ಯೆಯ ಕೊನೆಯ ಅಂಕಿಗಳು, ಒಂದು ಉಲ್ಲೇಖ ಸಂಖ್ಯೆ, ಎರಡು ಸಾವಿರದ ಮೊತ್ತ, ದಿನಾಂಕ ಎಲ್ಲವೂ ಇಂಗ್ಲಿಷಿನಲ್ಲಿ, ಅದೂ ಅರ್ಧಂಬರ್ಧ ಅಕ್ಷರಗಳಲ್ಲಿ ಇರುತ್ತವೆ. ಸಂದೇಶಗಳ ಇದೇ ಪಟ್ಟಿಯಲ್ಲಿ ಮೂರು ಸಾಲು ಕೆಳಗೆ, ಕೆವೈಸಿ ಅವಧಿ ಮುಗಿದಿದೆ, ಕೂಡಲೇ ಈ ನಂಬರಿಗೆ ಕರೆ ಮಾಡಿ ಎಂಬ ವಂಚಕರ ಸಂದೇಶವೂ ಅದೇ ಇಂಗ್ಲಿಷಿನಲ್ಲಿ ಕುಳಿತಿರುತ್ತದೆ. ಓದಲು ಬಾರದವರಿಗೆ ಎರಡೂ ಒಂದೇ. ಇದನ್ನು ಕಂಡವರು ಫೋನೇ ಅನುವಾದಿಸಿ ಓದಿ ಹೇಳಲಿ ಎನ್ನುವುದು ಸಹಜ. ಆದರೆ ಭಾರತೀಯ ಮಾನಕ ಬ್ಯೂರೋದ ಐಎಸ್ 16333 ಮಾನದಂಡದ ಪ್ರಕಾರ ದೇಶದಲ್ಲಿ ಮಾರುವ ಮೊಬೈಲುಗಳು 22 ಭಾಷೆಗಳ ಅಕ್ಷರಗಳನ್ನೂ ತೋರಿಸಬೇಕು. ಎಂದರೆ ಕನ್ನಡ ಸಂದೇಶ ತೋರಿಸುವ ಶಕ್ತಿ ಆ ತಾಯಿಯ ಫೋನಿಗಿದೆ; ಕನ್ನಡದಲ್ಲಿ ಕಳುಹಿಸುವ ಮನಸ್ಸು ಕಳುಹಿಸುವವರಿಗಿಲ್ಲ. ಬ್ಯಾಂಕುಗಳು ಇಷ್ಟು ಮಾಡಿದರೆ ಈ ಕೆಲಸಕ್ಕೆ ಬೇಕೆನ್ನುವ ಕೃತಕ ಬುದ್ಧಿಮತ್ತೆಯಲ್ಲಿ ಬಹುಪಾಲು ಬೇಕಾಗುವುದೇ ಇಲ್ಲ. ಅಕ್ಷರವೇ ಬಾರದವರಿಗೆ, ಖಾತೆಗೆ ಜೋಡಿಸಿದ ಫೋನಿನಿಂದ ಕರೆ ಮಾಡಿದಾಗ ಕೊನೆಯ ಜಮೆ ಯಾವುದು, ಎಷ್ಟು ಎಂದು ಕನ್ನಡದಲ್ಲಿ ಹೇಳುವ ನಂಬರು ಸಾಕು.

ನಂಬರಿನ ಪರವಾಗಿ ನಾನು ನಿಲ್ಲುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಹೊಣೆಗಾರಿಕೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋದಾಗ ಎಡದಂಡೆ ನಾಲೆಯ ಉದ್ದಕ್ಕೂ, ಗಂಗಾವತಿಯಿಂದ ಸಿಂಧನೂರು, ಮಾನ್ವಿಯವರೆಗೆ, ರೈತರು ಕೇಳುತ್ತಿದ್ದದ್ದು ಜಲಾಶಯದಲ್ಲಿ ಎಷ್ಟು ನೀರು ಉಳಿಯುತ್ತದೆ, ನಾಟಿ ಮಾಡಿದ ಭತ್ತಕ್ಕೆ ನಾಲೆಗೆ ನೀರು ಬಿಡುತ್ತಾರೋ ಇಲ್ಲವೋ ಎಂಬುದನ್ನೇ. ತಾತ್ಕಾಲಿಕ ಗೇಟ್ ಕೂರಿಸುವವರೆಗೂ ಲೆಕ್ಕ ದಿನದಿನಕ್ಕೆ ಬದಲಾಗುತ್ತಿತ್ತು. ಅಂಥ ದಿನ ಎಲ್ಲಿಂದಲೋ ಕಲಿತ ಮಾದರಿಯೊಂದು ಫೋನಿನೊಳಗಿಂದ ಧೈರ್ಯವಾಗಿ ಒಂದು ಅಂಕಿ ಹೇಳಿ, ಅದು ತಪ್ಪಾದರೆ ಯಾರನ್ನು ಹಿಡಿದು ಕೇಳುವುದು? ಈ ಮಾದರಿಗಳು ತಿಳಿಯದ್ದನ್ನೂ ತಿಳಿದಂತೆ ಹೇಳುತ್ತವೆ ಎಂಬುದು ಈಗ ಎಲ್ಲರೂ ಬಲ್ಲ ಸಂಗತಿ. ನೀರಾವರಿ ಇಲಾಖೆಯ ಹೆಸರಿನ ನಂಬರೊಂದು ಇದ್ದು, ಆ ದಿನದ ಒಳಹರಿವು, ಹೊರಹರಿವು, ಯಾವ ಉಪಕಾಲುವೆಗೆ ಯಾವ ದಿನ ನೀರು ಎಂಬುದನ್ನು ಇಲಾಖೆಯದೇ ದಾಖಲೆಯಿಂದ ಉತ್ತರ ಹೇಳುವಂತಿದ್ದರೆ, ಆ ಮಾತಿಗೆ ಒಬ್ಬ ವಾರಸುದಾರ ಇರುತ್ತಾನೆ. ಭತ್ತದ ಕೀಟನಾಶಕದ ಪ್ರಮಾಣದ ವಿಷಯವೂ ಹೀಗೆಯೇ: ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ಒಪ್ಪಿದ ಶಿಫಾರಸನ್ನು ಬಿಟ್ಟು ಬೇರೇನನ್ನೂ ಹೇಳದಂತೆ ನಂಬರಿನ ಯಂತ್ರವನ್ನು ಕಟ್ಟಿಹಾಕಬಹುದು, ಅದಕ್ಕೆ ತಿಳಿಯದಿದ್ದರೆ ಕರೆಯನ್ನು ಮನುಷ್ಯರಿಗೆ ವರ್ಗಾಯಿಸಬಹುದು.

ನನ್ನ ಸಲಹೆಗೂ ತೊಡಕುಗಳಿವೆ. ಹಳೆಯ ಫೋನ್ ಕರೆಯಲ್ಲಿ ದನಿಯ ಒಂದು ಭಾಗ (ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಕಂಪನಗಳು) ಮಾತ್ರ ದಾಟುವುದರಿಂದ ಯಂತ್ರಕ್ಕೆ ಮಾತು ಹಿಡಿಯುವುದು ಕಷ್ಟ. 4ಜಿ ಜಾಲದ ಮೂಲಕವೇ ಹೋಗುವ ವೋಲ್ಟೆ ಕರೆಗಳಲ್ಲಿ ಈ ತೊಂದರೆ ಕಡಿಮೆ. ಅದಕ್ಕಿಂತ ದೊಡ್ಡದು ನಮ್ಮ ಮಾತಿನ ವರಸೆ. ತೆಲುಗು, ಉರ್ದು ಬೆರೆತ ನಮ್ಮ ಕಡೆಯ ಕನ್ನಡವನ್ನು, ‘ಕೆನಾಲಿಗೆ ನೀರ್ ಬಿಟ್ಟಾರೇನ್ರಿ, ಇಲ್ಲೇನ್ರಿ’ ಎಂಬ ಪ್ರಶ್ನೆಯನ್ನು, ಪುಸ್ತಕದ ಕನ್ನಡ ಕಲಿತ ಯಂತ್ರ ತಡವರಿಸದೆ ಅರ್ಥ ಮಾಡಿಕೊಳ್ಳಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ರೆಸ್ಪಿನ್ ಎಂಬ ಯೋಜನೆಯಲ್ಲಿ ಕನ್ನಡವೂ ಸೇರಿದಂತೆ ಒಂಬತ್ತು ಭಾಷೆಗಳ ಉಪಭಾಷೆಗಳಲ್ಲಿ, ಕೃಷಿ ಮತ್ತು ಹಣಕಾಸಿನ ಮಾತುಗಳನ್ನೇ ಆರಿಸಿಕೊಂಡು ಧ್ವನಿ ಸಂಗ್ರಹಿಸಿದೆ. ಭಾರತೀಯ ಭಾಷೆಗಳ ಅನುವಾದ ಮತ್ತು ಧ್ವನಿಗಾಗಿ ಇರುವ ಕೇಂದ್ರ ಸರ್ಕಾರದ ಭಾಷಿಣಿ ವೇದಿಕೆಯೂ 2022ರಿಂದ ಕೆಲಸ ಮಾಡುತ್ತಿದೆ. ಹೀಗೆ ಸಾರ್ವಜನಿಕ ಸಂಸ್ಥೆಗಳಲ್ಲಿ, ಜನರ ದನಿಯಿಂದ ಬೆಳೆದ ಸಾಮರ್ಥ್ಯ ಯಾವುದೋ ಹ್ಯಾಂಡ್‌ಸೆಟ್ ಕಂಪನಿಯ ಹೊಸ ಮಾದರಿ ಕೊಂಡವರಿಗಷ್ಟೇ ಸಿಗುವುದಕ್ಕಿಂತ, ಯಾವ ಫೋನಿನಿಂದ ಬೇಕಾದರೂ ತಲುಪಬಹುದಾದ ಸಂಖ್ಯೆಯ ರೂಪದಲ್ಲಿ ಎಲ್ಲರಿಗೂ ಸಿಗುವುದು ನ್ಯಾಯ.

ಕರೆಯಲ್ಲಿ ಹೇಳಿದ ಮಾತನ್ನು ಯಾರು, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ ಎಂಬ ಪ್ರಶ್ನೆ ನಂಬರಿಗೂ ತಪ್ಪಿದ್ದಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆ ಕೇಳಬೇಕೆನ್ನುತ್ತದೆ. ಆ ಒಪ್ಪಿಗೆಯನ್ನು ಕರೆಯ ಮೊದಲ ವಾಕ್ಯದಲ್ಲೇ, ಆಡುಮಾತಿನ ಕನ್ನಡದಲ್ಲಿ ಕೇಳಬೇಕು. ಬೇಡವೆಂದವರಿಗೂ ಉತ್ತರ ಸಿಗಬೇಕು. ಇದರ ಜೊತೆಗೆ, ಇಂಥ ಸೇವೆಗಳ ನಂಬರುಗಳು ಟೋಲ್‌ಫ್ರೀ ಆಗಿರಬೇಕು ಮತ್ತು ವಂಚಕರು ಅವುಗಳ ಹೆಸರಿನಲ್ಲಿ ತಾವೇ ಕರೆ ಮಾಡದಂತೆ, ಅವು ಕರೆ ಸ್ವೀಕರಿಸುವವೇ ಹೊರತು ಎಂದೂ ತಾವಾಗಿ ಕರೆ ಮಾಡುವವಲ್ಲ ಎಂಬ ನಿಯಮ ಎಲ್ಲರಿಗೂ ತಿಳಿದಿರಬೇಕು. ತಯಾರಕರಿಗೆ ಇದರಲ್ಲಿ ಏನಾದರೂ ಪಾಲು ಬೇಕಿದ್ದರೆ, ಎಐ ಎಂದು ಬರೆದ ಹೊಸ ಗುಂಡಿಯ ಬದಲು ಸ್ಪೀಡ್ ಡಯಲ್‌ಗೆ ಒಂದು ದೊಡ್ಡ ಖಾಲಿ ಗುಂಡಿ ಕೊಡಲಿ. ಅದರಲ್ಲಿ ನೀರಾವರಿ ಇಲಾಖೆಯ ನಂಬರು ಹಾಕಬೇಕೋ, ಬ್ಯಾಂಕಿನದೋ, ಮಗಳದೋ ಎಂಬುದನ್ನು ಫೋನ್ ಕೊಂಡವರು ನಿರ್ಧರಿಸುತ್ತಾರೆ. ಹಾಕಿಕೊಡಲು ನಮ್ಮಂಥ ಅಂಗಡಿಯವರು ಇದ್ದೇವೆ.

ಇಂತಿ,
ಮೊಬೈಲ್ ಅಂಗಡಿಯ ಒಬ್ಬ ವ್ಯಾಪಾರಿ,
ಗಂಗಾವತಿ, ಕೊಪ್ಪಳ ಜಿಲ್ಲೆ