ಅಂಬಾಸಿಡರ್ ಕಿಟ್ ಯಾಕಿಲ್ಲ?

ಮಾನ್ಯ ಸಂಪಾದಕರೇ,

ಹೋದ ವಾರ ಇದೇ ಅಂಕಣದಲ್ಲಿ ಒಬ್ಬರು ಬರೆದಿದ್ದರು. ಮೀಸೆ ನರೆತ ಗಂಡಸರು ಆಟಿಕೆ ಕಾರಿಗೆ ಸಾವಿರಗಟ್ಟಲೆ ಸುರಿಯುತ್ತಾರೆ, ಮಕ್ಕಳಿಗೆ ಬುದ್ಧಿ ಹೇಳಬೇಕಾದವರೇ ಹೀಗಾದರೆ ಹೇಗೆ ಅಂತ. ನನ್ನ ಮೀಸೆಯೂ ನರೆತಿದೆ. ನಾನೂ ಸುರಿದಿದ್ದೇನೆ. ಅದಕ್ಕೇ ಈ ಪತ್ರ. ಜಗಳ ಮಾಡಲು ಅಲ್ಲ, ಅವರು ಬೈದಿದ್ದರಲ್ಲಿ ಅರ್ಧ ಸರಿಯೇ ಇದೆ. ಆದರೆ ಆ ದುಡ್ಡು ಯಾಕೆ ಅಷ್ಟಾಗುತ್ತದೆ ಅಂತ ಅವರು ಕೇಳಲಿಲ್ಲ.

ನಾನು ಶಿವಮೊಗ್ಗದಲ್ಲಿ ಟೈಲರ್. ಹಗಲು ಬ್ಲೌಸು, ಪ್ಯಾಂಟು. ರಾತ್ರಿ ಷಟರ್ ಅರ್ಧ ಎಳೆದ ಮೇಲೆ ಅದೇ ಕಟಿಂಗ್ ಟೇಬಲ್ ಮೇಲೆ ಕಾರು.

ಇದು ಕೀಲಿ ಕೊಟ್ಟು ಬಿಡುವ ಕಾರಲ್ಲ, ಬಿಡಿ ತುಂಡುಗಳನ್ನು ನಾವೇ ಜೋಡಿಸಿ ಕಟ್ಟುವ ಪುಟ್ಟ ಮಾದರಿ ಕಾರು. ಆ ತುಂಡುಗಳ ಡಬ್ಬಿಗೇ ಕಿಟ್ ಅನ್ನುವುದು. ಡಬ್ಬಿ ತೆಗೆದರೆ ಒಳಗೆ ಪ್ಲಾಸ್ಟಿಕ್ ಚೌಕಟ್ಟುಗಳು, ಅದರ ಸುತ್ತ ಕಾಯಿ ಕಚ್ಚಿಕೊಂಡ ಹಾಗೆ ಸಣ್ಣ ಸಣ್ಣ ತುಂಡುಗಳು. ಸೀಟು, ಸ್ಟೀರಿಂಗು, ಸೈಲೆನ್ಸರು ಎಲ್ಲ ಬೇರೆ ಬೇರೆ. ಕತ್ತರಿಸಬೇಕು, ಉಜ್ಜಬೇಕು, ಬಣ್ಣ ಹಾಕಬೇಕು, ಒಣಗೋವರೆಗೆ ಕೈ ಕಟ್ಟಿಕೊಂಡು ಕೂರಬೇಕು. ಈ ಕೊನೆಯದೇ ಕಷ್ಟ. ನನ್ನ ಮೊದಲ ಕಿಟ್ ಜಪಾನಿನ ತಮಿಯಾ ಕಂಪನಿಯ ಫೋಕ್ಸ್‌ವ್ಯಾಗನ್ ಬೀಟಲ್, 1966ರ ಮಾಡೆಲ್. ಮುಂದಿನ ಗಾಜನ್ನು ಬೇಗ ಹಿಡಿಯಲಿ ಅಂತ ಸೂಪರ್ ಗ್ಲೂ ಹಾಕಿ ಕೂರಿಸಿದೆ. ಬೆಳಿಗ್ಗೆ ಎದ್ದು ನೋಡಿದರೆ ಗಾಜಿನ ತುಂಬಾ ಬಿಳಿ ಪೊರೆ, ಆಗುಂಬೆ ಘಾಟಿಯಲ್ಲಿ ಮಂಜಿಗೆ ಸಿಕ್ಕಿ ನಿಂತ ಕಾರಿನ ಹಾಗೆ. ಆ ಅಂಟಿನ ಆವಿ ಗಾಜಿಗೆ ಹೋಗಿ ಕೂರುತ್ತದೆ ಅಂತ ಆಮೇಲೆ ಗೊತ್ತಾಯಿತು. ಗಾಜಿಗೆ ನಮ್ಮ ಫೆವಿಕಾಲೇ ಸರಿ, ಒಣಗಿದರೆ ಕಾಣಿಸುವುದೂ ಇಲ್ಲ.

ಈ ಕಿಟ್‌ಗಳಲ್ಲಿ ಜಾಸ್ತಿ ಸಿಗುವ ಅಳತೆ ಒಂದಕ್ಕೆ 24. ಅಂದರೆ ನಿಜವಾದ ಕಾರಿನ ಒಂದು ಅಡಿ ಇಲ್ಲಿ ಅರ್ಧ ಇಂಚು. ಇಂಚಿನ ಟೇಪು ಕುತ್ತಿಗೆಗೆ ಹಾಕಿಕೊಂಡು ಓಡಾಡುವವನಿಗೆ ಇದಕ್ಕಿಂತ ಸಲೀಸಾದ ಲೆಕ್ಕ ಯಾವುದಿದೆ? ಅಮೆರಿಕದ ಹಳೇ ಕಂಪನಿಗಳು ಒಂದಕ್ಕೆ 25 ಅಂತ ಮಾಡುತ್ತವೆ, ಅದು ಯಾಕೋ ನನಗೆ ಸೇರುವುದಿಲ್ಲ. ಒಂದಕ್ಕೆ 43 ಅನ್ನೋದು ಆಟದ ರೈಲಿನಿಂದ ಬಂದ ಅಳತೆ, ಅಡಿಗೆ 7 ಮಿಲಿಮೀಟರ್. ನನ್ನ ಕಣ್ಣಿಗೆ ಅಷ್ಟು ಸಣ್ಣದು ಈಗ ಆಗುವುದಿಲ್ಲ ಬಿಡಿ.

ಬೀಟಲ್ ಆಯಿತು, ಮಿನಿ ಕೂಪರ್ ಆಯಿತು, ಒಂದು ಸ್ಕೈಲೈನ್ ಆಯಿತು. ಮೂರನ್ನೂ ಷೋಕೇಸಿನಲ್ಲಿಟ್ಟು ಒಂದು ದಿನ ಸುಮ್ನೆ ನೋಡುತ್ತಾ ಕೂತಾಗ ಅನ್ನಿಸಿತು, ಈ ಮೂರರಲ್ಲಿ ಒಂದರಲ್ಲೂ ನಾನು ಕೂತಿಲ್ಲ. ಬೀಟಲ್ ಅಂತೂ ಕಣ್ಣಾರೆ ನೋಡಿದ್ದೇ ಎರಡೋ ಮೂರೋ ಸಲ. ನಾನು ಕೂತಿದ್ದು ಅಂಬಾಸಿಡರ್‌ನಲ್ಲಿ. ಅಪ್ಪ ಟ್ಯಾಕ್ಸಿ ಓಡಿಸುತ್ತಿದ್ದರು, ಸಾಗರ, ಜೋಗದ ಕಡೆಗೆ. ಮುಂದಿನ ಸೀಟು ಒಂದೇ ಬೆಂಚು, ಗೇರು ಸ್ಟೀರಿಂಗ್ ಪಕ್ಕ ಇದ್ದಿದ್ದರಿಂದ ಅಪ್ಪನ ಪಕ್ಕ ಇಬ್ಬರು ಆರಾಮ, ಮೂರನೆಯವನಾಗಿ ನಾನು. ಮದುವೆ ದಿಬ್ಬಣ ಇದ್ದರೆ ಹಿಂದೆ ಎಷ್ಟು ಜನ ಅಂತ ಲೆಕ್ಕ ಇಡುತ್ತಿರಲಿಲ್ಲ.

ಆಗಿನಿಂದ ಅಂಬಾಸಿಡರ್ ಕಿಟ್ ಹುಡುಕುತ್ತಿದ್ದೇನೆ. ಬೆಂಗಳೂರು, ಮುಂಬೈ, ಆನ್‌ಲೈನ್, ಎಲ್ಲೂ ಸಿಕ್ಕಿಲ್ಲ. ಹಿಂದಕ್ಕೆ ಎಳೆದು ಬಿಟ್ಟರೆ ಓಡುವ ಆಟಿಕೆ ಅಂಬಾಸಿಡರ್ ಜಾತ್ರೆಯಲ್ಲೂ ಸಿಗುತ್ತದೆ. ಕೂತು ಕಟ್ಟುವ ಕಿಟ್ ಇಲ್ಲ. ಪ್ರೀಮಿಯರ್ ಪದ್ಮಿನಿ ಕಾರಿನದೂ ಸಿಗಲಿಲ್ಲ, ಮಾರುತಿ 800ರದೂ ಸಿಗಲಿಲ್ಲ. 1983ರಿಂದ 2014ರವರೆಗೆ ಮೂವತ್ತು ವರ್ಷ ಇಡೀ ದೇಶ ಓಡಿಸಿದ ಕಾರು ಅದು. ಆಶ್ಚರ್ಯ ಅಲ್ವಾ?

ಕೊನೆಗೆ ನಾನೇ ಮಾಡಿದೆ. ಅಪ್ಪನ ಕಾರು ಎಂದೋ ಗುಜರಿಗೆ ಹೋಗಿದೆ. ಅವರ ಗೆಳೆಯರೊಬ್ಬರ ಶೆಡ್ಡಿನಲ್ಲಿ ಅದೇ ಕಾಲದ ಒಂದು ಗಾಡಿ ಇನ್ನೂ ನಿಂತಿದೆ. ಟೇಪು, ಚಾಕ್‌ಪೀಸು, ಒಂದು ಕಟ್ಟು ಹಳೇ ಪೇಪರು ಹಿಡಿದು ಎರಡು ಭಾನುವಾರ ಅಲ್ಲೇ ಕೂತೆ. ಉದ್ದ 14 ಅಡಿ 2 ಇಂಚು, ಅಂದರೆ ನನ್ನ ಮೇಜಿನ ಮೇಲೆ 7 ಇಂಚಿಗಿಂತ ಒಂದು ಕೂದಲು ಜಾಸ್ತಿ. ಉದ್ದ ಅಗಲ ಸುಲಭ. ತೊಂದರೆ ಕೊಟ್ಟಿದ್ದು ಮಡ್‌ಗಾರ್ಡು, ಬಾನೆಟ್ಟು. ಅಂಬಾಸಿಡರ್‌ನಲ್ಲಿ ನೇರ ಗೆರೆ ಅನ್ನೋದೇ ಇಲ್ಲ, ಎಲ್ಲ ಉಬ್ಬು. ಅದನ್ನು ಟೇಪಿನಲ್ಲಿ ಹಿಡಿಯಲು ಆಗುವುದಿಲ್ಲ. ಆಗ ಹೊಳೆಯಿತು, ಬ್ಲೌಸಿನಲ್ಲಿ ಉಬ್ಬನ್ನು ಹೇಗೆ ಹಿಡಿಯುತ್ತೇವೆ? ಬಟ್ಟೆಯನ್ನು ಅಲ್ಲಲ್ಲಿ ಮಡಿಸಿ ಹೊಲಿದು, ಅಂದರೆ ಟಕ್ಸ್ ಹಿಡಿದು ತಾನೇ! ಪೇಪರನ್ನು ಒದ್ದೆ ಮಾಡಿ ಮಡ್‌ಗಾರ್ಡಿನ ಮೇಲೆ ಹಾಸಿದೆ, ಎಲ್ಲೆಲ್ಲಿ ಸುಕ್ಕು ಎದ್ದಿತೋ ಅಲ್ಲಲ್ಲಿ ಮಡಿಸಿ ಗುರುತು ಮಾಡಿದೆ, ಒಣಗಿದ ಮೇಲೆ ಬಿಡಿಸಿ ಹಾಸಿದರೆ ಮಡ್‌ಗಾರ್ಡಿನ ಪ್ಯಾಟರ್ನು ತಯಾರು. ಆ ಪೇಪರು ನಿಮ್ಮ ಪತ್ರಿಕೆಯ ಭಾನುವಾರದ ಪುರವಣಿ. ತಪ್ಪು ತಿಳಿಯಬೇಡಿ, ಓದಿದ ಮೇಲೇ ಬಳಸಿದ್ದು.

ಮನೆಗೆ ಬಂದು ಅಡಿಗೆ ಅರ್ಧ ಇಂಚಿನ ಹಾಗೆ ಇಳಿಸಿ, ಪ್ಲಾಸ್ಟಿಕ್ ಶೀಟಿನಲ್ಲಿ ಅಡ್ಡಪಟ್ಟಿಗಳನ್ನು ಕತ್ತರಿಸಿ ಸಾಲಾಗಿ ನಿಲ್ಲಿಸಿ, ನಡುವೆ ಗ್ಯಾರೇಜಿನವರು ಡೆಂಟಿಗೆ ತುಂಬುವ ಪುಟ್ಟಿ ತುಂಬಿ, ಎಮರಿ ಪೇಪರಿನಲ್ಲಿ ಉಜ್ಜಿದೆ, ಉಜ್ಜಿದೆ, ಒಂದೂವರೆ ತಿಂಗಳು ಉಜ್ಜಿದೆ. ಉಳಿದದ್ದು ಅಂಗಡಿಯಲ್ಲೇ ಸಿಕ್ಕಿತು. ಚಕ್ರದ ಕ್ಯಾಪಿಗೆ ದೊಡ್ಡ ಸೈಜಿನ ಟಿಚ್ ಬಟನ್ನು, ಅಳತೆ ಮಾಡಿಸಿ ತಂದ ಹಾಗೆ ಕೂತಿತು. ಗೇರಿಗೆ ಗುಂಡುಪಿನ್ನು. ಸೀಟಿಗೆ ಬ್ಯಾಗು ಹೊಲಿದು ಉಳಿದ ರೆಕ್ಸಿನ್ ಚೂರು. ಹೆಡ್‌ಲೈಟಿಗೆ ಸೀರೆ ಕುಚ್ಚಿಗೆ ಹಾಕುವ ಗಾಜಿನ ಮಣಿ ಇಟ್ಟು ನೋಡಿದೆ, ಚೆನ್ನಾಗಿ ಕಾಣಲಿಲ್ಲ, ಮಣಿಯ ತೂತು ಕಣ್ಣಿಗೆ ಹೊಡೆಯುತ್ತದೆ. ಅದನ್ನಿನ್ನೂ ಬದಲಿಸಿಲ್ಲ. ಬಂಪರಿಗೆ ಅಡಿಗೆಮನೆಯ ಅಲ್ಯೂಮಿನಿಯಂ ಹಾಳೆ.

ಬಣ್ಣದಲ್ಲಿ ಎಡವಿದೆ. ಅಪ್ಪನ ಟ್ಯಾಕ್ಸಿ ಕಪ್ಪು ಮೈ, ಹಳದಿ ತಲೆ. ಪುಷ್ಯ ಮಳೆ ಬಿಡದೆ ಹೊಯ್ಯುತ್ತಿತ್ತು, ನನಗೋ ತಡೆಯಲಿಲ್ಲ, ಸ್ಪ್ರೇ ಡಬ್ಬಿ ತೆಗೆದು ಹೊಡೆದೇಬಿಟ್ಟೆ. ಹತ್ತು ನಿಮಿಷಕ್ಕೆ ಕಪ್ಪು ಕಾರಿಗೆ ಯಾರೋ ವಿಭೂತಿ ಬಳಿದ ಹಾಗಾಯಿತು. ಬಣ್ಣದ ತಿನ್ನರ್ ಹಾರಿಹೋಗುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲಿಗೆ ಇಳಿದು ಬಣ್ಣದೊಳಗೆ ಸಿಕ್ಕಿಬೀಳುತ್ತದೆ, ಅದೇ ಈ ಬಿಳುಪು. ಜಪಾನಿನ ಕಿಟ್ ಡಬ್ಬಿಯ ಮೇಲೆ ಮಲೆನಾಡಿನ ಮಳೆಗಾಲದ ಬಗ್ಗೆ ಯಾರು ಬರೆಯುತ್ತಾರೆ? ಎಲ್ಲ ಉಜ್ಜಿ ತೆಗೆದು, ದೀಪಾವಳಿ ಕಳೆದು ಬಿಸಿಲು ಬಂದ ಮೇಲೆ ಮತ್ತೆ ಹೊಡೆದೆ.

ಇಷ್ಟು ಉದ್ದಕ್ಕೆ ಯಾಕೆ ಬರೆದೆ ಅಂದರೆ, ನಾನು ಶೆಡ್ಡಿನಲ್ಲಿ ಮಾಡಿದ ಕೆಲಸವನ್ನೇ ದೊಡ್ಡದಾಗಿ ಮಾಡಿ ತಮಿಯಾ ತಮಿಯಾ ಆಗಿದ್ದು. 1970ರ ದಶಕದಲ್ಲಿ ಅವರಿಗೆ ಪೋರ್ಷೆ 934ರ, ಅಂದರೆ ಪೋರ್ಷೆ 911ರ ರೇಸಿನ ರೂಪದ, ಮಾಡೆಲ್ ಮಾಡಬೇಕಿತ್ತು. ಅಳತೆಗೆ ಅಂತ ಒಂದು ನಿಜವಾದ ಪೋರ್ಷೆ 911 ಕೊಂಡು, ಪೂರ್ತಿ ಬಿಚ್ಚಿ ಹಾಕಿ ನೋಡಿದರು. 2025ರ ಜುಲೈನಲ್ಲಿ ತೀರಿಕೊಂಡ, ಆ ಕಂಪನಿಯನ್ನು ಬೆಳೆಸಿದ ಶುನ್ಸಾಕು ತಮಿಯಾ ಇದ್ದಾಗಿನ ಮಾತು. ಆ ಕಂಪನಿ ಶುರುವಾಗಿದ್ದು 1946ರಲ್ಲಿ, ಅದೂ ಮರ ಕೊಯ್ಯುವ ವ್ಯಾಪಾರವಾಗಿ. ಆಮೇಲೆ ಮರದ ಮಾಡೆಲ್ ಮಾಡಿದರು. ಅಮೆರಿಕದ ಪ್ಲಾಸ್ಟಿಕ್ ಮಾಡೆಲ್‌ಗಳು ಬಂದು ಮರದವನ್ನು ಕೇಳುವವರಿಲ್ಲ ಅಂತಾದಾಗ, 1960ರಲ್ಲಿ ಯಮಾಟೊ ಯುದ್ಧನೌಕೆಯನ್ನು ಪ್ಲಾಸ್ಟಿಕ್ಕಿನಲ್ಲಿ ತಂದರು. ಅದಕ್ಕೆ ವ್ಯಾಪಾರ ಆಗಲಿಲ್ಲ, ಬೇರೆಯವರು ಅದನ್ನೇ ಕಡಿಮೆ ಬೆಲೆಗೆ ಕೊಡುತ್ತಿದ್ದರು. ಬಿಡಲಿಲ್ಲ. ಮುಂದಿನ ವರ್ಷದ ಪ್ಯಾಂಥರ್ ಟ್ಯಾಂಕು ಕೈ ಹಿಡಿಯಿತು. ಅವರ ಊರು ಶಿಜುಒಕಾ. ಅಕ್ಕಪಕ್ಕದಲ್ಲೇ ಅಓಶಿಮಾ, ಫುಜಿಮಿ, ಹಸೆಗಾವಾ, ಎಲ್ಲ ಕಿಟ್ ಮಾಡುವವರೇ. ಮೊದಲಿಂದಲೂ ಅದು ಮರಗೆಲಸಕ್ಕೆ ಹೆಸರಾದ ಸೀಮೆ.

ಮರಗೆಲಸದ ಊರು ಅಂದಾಗ ನಮಗೆ ಯಾವುದು ನೆನಪಾಗುತ್ತದೆ ಹೇಳಿ. ಚನ್ನಪಟ್ಟಣದವರು ಹಾಲೆಮರವನ್ನು ಕಡೆದು, ಅರಗಿನ ಬಣ್ಣ ಹಚ್ಚಿ ಮಾಡುವ ಕೆಲಸವನ್ನು ಒಮ್ಮೆ ಹತ್ತಿರದಿಂದ ನೋಡಿದ್ದೇನೆ. ಲೇತಿನ ಮೇಲೆ ದುಂಡಗಿನದು ಮಾತ್ರ ಬರುತ್ತದೆ, ಕಾರಿನ ಬಾಡಿ ಬರುವುದಿಲ್ಲ, ಅದು ಗೊತ್ತು. ಆದರೆ ಚಕ್ರ, ಸ್ಟೀರಿಂಗು, ಹೆಡ್‌ಲೈಟಿನ ಬಟ್ಟಲು ನನ್ನ ಟಿಚ್ ಬಟನ್ನಿಗಿಂತ ಎಷ್ಟೋ ಚೆನ್ನಾಗಿ ಬಂದಾವು. ಕಾರಿನ ಬಾಡಿ ತೆಗೆಯಲು ಉಕ್ಕಿನ ಅಚ್ಚೇ ಬೇಕು ಅಂದರೆ ಲಕ್ಷಗಟ್ಟಲೆ ಖರ್ಚು, ಅಷ್ಟು ದುಡ್ಡು ಯಾರೂ ಸುರಿಯುವುದಿಲ್ಲ. ಸಿಲಿಕೋನ್ ರಬ್ಬರಿನ ಅಚ್ಚಿನಲ್ಲಿ ರೆಸಿನ್ ಅನ್ನೋ ಗಟ್ಟಿಯಾಗುವ ದ್ರವ ಸುರಿದು ಸ್ವಲ್ಪ ಸ್ವಲ್ಪವೇ ಮಾಡಬಹುದು. ಮೊದಲಿಗೆ ನೂರು ಕಿಟ್ ಸಾಕು. ಒಂದು ನನಗೆ.

ಹೆಸರಿನ ತಕರಾರು ಇರಬಹುದು. ಅಂಬಾಸಿಡರ್ ಮಾಡುತ್ತಿದ್ದ, ಪಶ್ಚಿಮ ಬಂಗಾಳದ ಉತ್ತರಪಾರಾದ ಹಿಂದೂಸ್ತಾನ್ ಮೋಟಾರ್ಸ್ 2014ರಲ್ಲಿ ಕಾರು ಮಾಡುವುದನ್ನು ನಿಲ್ಲಿಸಿತು, 2017ರಲ್ಲಿ ಅಂಬಾಸಿಡರ್ ಅನ್ನೋ ಹೆಸರನ್ನು 80 ಕೋಟಿ ರೂಪಾಯಿಗೆ ಫ್ರಾನ್ಸಿನ ಪ್ಯೂಜೋದವರಿಗೆ ಮಾರಿದರು. ಮೊದಲೇ ಅದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ರೂಪ. ನಮ್ಮದು ಅಂತ ನಾವು ಎದೆಗಪ್ಪಿಕೊಂಡಿದ್ದು ಹುಟ್ಟಿನಲ್ಲೂ ನಮ್ಮದಲ್ಲ, ಈಗ ಹೆಸರಿನಲ್ಲೂ ಅಲ್ಲ. ನಡುವಿನ ಐವತ್ತಾರು ವರ್ಷ ಮಾತ್ರ ನಮ್ಮದು.

ಇನ್ನು ದುಡ್ಡಿನ ವಿಷಯ. ಇಲ್ಲೇ ನಾನು ಸರ್ಕಾರದ ಮೇಲೆ ಸಿಟ್ಟಾಗಿರುವುದು. ಆಟಿಕೆಗಳ ಆಮದು ಸುಂಕ 2020ರ ಬಜೆಟ್ಟಿನಲ್ಲಿ ನೂರಕ್ಕೆ 20ರಿಂದ 60ಕ್ಕೆ ಹಾರಿತು, 2023ರಲ್ಲಿ 70 ಆಯಿತು. ಇಲ್ಲಿ ತಯಾರಾಗಲಿ ಅಂತ ಮಾಡಿದ್ದು, ಉದ್ದೇಶ ಒಳ್ಳೆಯದೇ. 2021ರ ಜನವರಿಯಿಂದ ಆಟಿಕೆಗೆ ಐಎಸ್‌ಐ ಗುರುತೂ ಕಡ್ಡಾಯ, ಮಗು ಬಾಯಿಗೆ ಹಾಕಿಕೊಳ್ಳುವ ವಸ್ತುವಿಗೆ ಅದು ಬೇಕೇ ಬೇಕು. ಆದರೆ ಕಸ್ಟಮ್ಸ್ ಪುಸ್ತಕದಲ್ಲಿ ಗಿಲಕಿಯೂ ಈ ಕಿಟ್ಟೂ ಒಂದೇ ಸಾಲಿನಲ್ಲಿವೆ. ಬ್ಲೇಡು, ತಿನ್ನರು ಬಳಸಿ ದೊಡ್ಡವರು ಕಟ್ಟುವ ವಸ್ತುವನ್ನು ಗಿಲಕಿಯ ತಕ್ಕಡಿಯಲ್ಲಿ ತೂಗಿದರೆ ಹೇಗೆ? ನನ್ನ ಒಂದು ಪಾರ್ಸೆಲ್ ತಿಂಗಳುಗಟ್ಟಲೆ ಎಲ್ಲೋ ಕೂತು, ಕೊನೆಗೆ ಕಿಟ್ಟಿನ ಬೆಲೆಗಿಂತ ಹೆಚ್ಚು ಕಟ್ಟಿ ಬಿಡಿಸಿಕೊಂಡೆ. ಹೆಂಡತಿಗೆ ಎಷ್ಟಾಯಿತು ಅಂತ ಇವತ್ತಿಗೂ ಹೇಳಿಲ್ಲ, ಅವಳು ಈ ಪತ್ರಿಕೆ ಓದುವುದಿಲ್ಲ ಅನ್ನೋ ಧೈರ್ಯದಲ್ಲಿ ಬರೆಯುತ್ತಿದ್ದೇನೆ. ಹದಿನಾಲ್ಕು ವರ್ಷ ಮೇಲ್ಪಟ್ಟವರಿಗೆ ಅಂತ ಡಬ್ಬಿಯ ಮೇಲೇ ಅಚ್ಚಾಗಿರುವುದನ್ನು ಬೇರೆ ಲೆಕ್ಕದಲ್ಲಿ ಇಡಿ. ಸುಂಕ ಬೇಡ ಅನ್ನುತ್ತಿಲ್ಲ, ಕಡಿಮೆ ಮಾಡಿ. ಮೂರು ಕಿಟ್ ಕಟ್ಟಿದವನೇ ನಾಲ್ಕನೆಯದನ್ನು ತಾನೇ ಮಾಡಲು ಹೊರಡುವುದು, ನಾನು ಹೊರಟಿದ್ದೂ ಹಾಗೆಯೇ. ಕಟ್ಟುವವರೇ ಇಲ್ಲದ ಕಡೆ ಮಾಡುವವರು ಎಲ್ಲಿಂದ ಬರಬೇಕು?

ಆ ಪತ್ರ ಬರೆದವರು ಯಾವಾಗಲಾದರೂ ಶಿವಮೊಗ್ಗಕ್ಕೆ ಬಂದರೆ ಅಂಗಡಿಗೆ ಬರಲಿ, ಕಾಫಿ ನನ್ನದು. ಶೆಡ್ಡಿನ ಯಜಮಾನರು ಮೊನ್ನೆ ಬಂದಿದ್ದರು. ಎಪ್ಪತ್ತೆಂಟು ವಯಸ್ಸು. ಕಾರನ್ನು ಅಂಗೈ ಮೇಲಿಟ್ಟುಕೊಂಡು ಕನ್ನಡಕ ಮೇಲೆತ್ತಿ ನೋಡಿದರು, ಆ ಗುಂಡುಪಿನ್ನಿನ ಗೇರನ್ನು ಉಗುರಿನಿಂದ ಮುಟ್ಟಿ, ಇದು ಥರ್ಡ್‌ನಲ್ಲಿದೆ ಕಣೋ, ನಿಲ್ಲಿಸುವಾಗ ಫಸ್ಟ್‌ಗೆ ಹಾಕಿ ನಿಲ್ಲಿಸು, ಇಳಿಜಾರು ಅಂದರು. ಷೋಕೇಸಿನ ಹಲಗೆ ನಿಜವಾಗಿಯೂ ಸ್ವಲ್ಪ ಇಳಿಜಾರಾಗಿದೆ.

ಪ್ಯಾಟರ್ನು ಕಾಗದಗಳು ನನ್ನ ಬಳಿ ಇವೆ, ಒಟ್ಟು 31. ಚನ್ನಪಟ್ಟಣದವರಾಗಲಿ, ರೆಸಿನ್ ಕೆಲಸ ಗೊತ್ತಿರುವ ಹುಡುಗರಾಗಲಿ ನಿಮ್ಮ ಮೂಲಕ ಕೇಳಿದರೆ ಜೆರಾಕ್ಸ್ ಮಾಡಿಸಿ ಕೊಡುತ್ತೇನೆ, ದುಡ್ಡು ಬೇಡ. ಬಲಗಡೆ ಹಿಂದಿನ ಮಡ್‌ಗಾರ್ಡಿನದೊಂದನ್ನು ಮಾತ್ರ ನಂಬಬೇಡಿ. ಅಲ್ಲಿ ಆ ಗಾಡಿಗೆ ಹಳೇ ಡೆಂಟು ಇತ್ತು, ಅದೂ ಪ್ಯಾಟರ್ನಿಗೆ ಬಂದುಬಿಟ್ಟಿದೆ.

ಇಂತಿ,
ನಿಮ್ಮ ಓದುಗ, ಒಬ್ಬ ಟೈಲರ್
ಶಿವಮೊಗ್ಗ