ಮೊದಲ ವಾಚು ಮಾಡುವ ಮೊದಲು

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಕಳಿಸಿದ ಡ್ರಾಯಿಂಗ್‌ಗಳನ್ನೆಲ್ಲ ನೋಡಿದೆ. ಡಯಲ್ ತುಂಬಾ ಇಷ್ಟವಾಯಿತು. ಆದರೆ ತಾರೀಖು, ಚಂದ್ರನ ಕಲೆ, ಕೀಲಿ ಎಷ್ಟು ಉಳಿದಿದೆ ಎಂದು ತೋರಿಸುವ ಮುಳ್ಳು, ಎಲ್ಲವನ್ನೂ ಮೊದಲ ವಾಚಿನಲ್ಲೇ ತುಂಬಲು ಹೊರಟಿದ್ದೀಯ. ಅದು ಬೇಡ.

ಸ್ವಿಟ್ಜರ್ಲೆಂಡಿನ ವಾಚು ತಯಾರಕ ಫಿಲಿಪ್ ಡುಫೂರ್ ಅವರನ್ನೇ ನೋಡು. ತಾನಾಗಿಯೇ ಗಂಟೆ ಬಾರಿಸುವ ಗ್ರಾಂಡ್ ಸೊನೆರಿಯನ್ನು 1992ರಲ್ಲಿ ಕೈಗಡಿಯಾರದೊಳಗೆ ಕೂರಿಸಿದವರು. ಅಂಥವರು 2000ದಲ್ಲಿ ತಂದ ವಾಚಿನಲ್ಲಿ ಇದ್ದದ್ದು ಗಂಟೆ, ನಿಮಿಷ, ಒಂದು ಪುಟ್ಟ ಸೆಕೆಂಡ್ ಮುಳ್ಳು, ಅಷ್ಟೇ. ಹೆಸರೂ ಸಿಂಪ್ಲಿಸಿಟಿ. ಶ್ರಮವೆಲ್ಲ ಒಳಗೆ ಹೋಯಿತು. ಬ್ರಿಡ್ಜ್, ಅಂದರೆ ಒಳಗಿನ ಚಕ್ರಗಳನ್ನು ಹಿಡಿದಿಡುವ ಲೋಹದ ಪಟ್ಟಿ, ಅದರ ಎರಡು ಓರೆ ಅಂಚುಗಳು ಒಳಮುಖವಾಗಿ ಸೇರುವ ಮೂಲೆ ಇರುತ್ತಲ್ಲ, ತಿರುಗುವ ಕಟರ್ ಅದನ್ನು ದುಂಡಗೇ ಬಿಡುತ್ತದೆ. ಆ ಮೂಲೆ ಚೂಪಾಗಿ ಹೊಳೆಯಬೇಕಾದರೆ ಅರ ಹಿಡಿದು, ಮರದ ಕಡ್ಡಿಗೆ ಪಾಲಿಶ್ ಪೇಸ್ಟ್ ಹಚ್ಚಿ, ಕೈಯಲ್ಲೇ ಉಜ್ಜಬೇಕು.

ಒಳಗಿನದನ್ನು ಯಾರು ನೋಡುತ್ತಾರೆ ಅಂತ ಕೇಳಿದ್ದೀಯ. ನನ್ನಂಥ ರಿಪೇರಿಯವರು ನೋಡುತ್ತಾರೆ ಪುಟ್ಟಿ. ನಿಖರ ಸಮಯದ ಪೈಪೋಟಿಯನ್ನು ಬ್ಯಾಟರಿಯಲ್ಲಿ ನಡೆಯುವ ಕ್ವಾರ್ಟ್ಸ್ ವಾಚು ಯಾವತ್ತೋ ಗೆದ್ದಾಗಿದೆ. 1969ರ ಡಿಸೆಂಬರ್‌ನಲ್ಲಿ ಜಪಾನಿನ ಸೈಕೋ ಕಂಪನಿಯ ಕ್ವಾರ್ಟ್ಸ್ ಕೈಗಡಿಯಾರ ಬಂತು. ದಿನಕ್ಕೆ 86,400 ಸೆಕೆಂಡು. ಅದರಲ್ಲಿ ಐದಾರು ಸೆಕೆಂಡು ಆಚೀಚೆ ಆಗುವ ಸ್ಪ್ರಿಂಗ್ ವಾಚಿಗೆ ನಾನು ಶಭಾಷ್ ಅನ್ನುತ್ತೇನೆ. ಕ್ವಾರ್ಟ್ಸ್ ಅಷ್ಟೂ ತಪ್ಪುವುದಿಲ್ಲ. ಹಾಗಿದ್ದರೂ ಜನ ನಿನ್ನ ವಾಚನ್ನು ಕೊಳ್ಳಬೇಕು ಅಂದರೆ, ಮುಂದೆ ಯಾರೋ ಅದನ್ನು ಬಿಚ್ಚಿ, ತೊಳೆದು, ಎಣ್ಣೆ ಹಾಕಿ ಮತ್ತೆ ನಡೆಸುವಂತಿರಬೇಕು. ನಿನ್ನ ಡಿಸೈನ್ ಶುರುವಾಗಬೇಕಾದದ್ದು ಅಲ್ಲಿಂದ.

ಸ್ಕ್ರೂ ತಲೆಯ ಸೀಳನ್ನೇ ತಗೋ. ಆಳ ಕಮ್ಮಿಯಿದ್ದರೆ ಸ್ಕ್ರೂಡ್ರೈವರ್ ಜಾರುತ್ತದೆ. ಪಕ್ಕದಲ್ಲೇ ವಾಚಿನ ವೇಗವನ್ನು ಹಿಡಿತದಲ್ಲಿಡುವ, ಕೂದಲಿಗಿಂತ ತೆಳುವಾದ ಸುರುಳಿ, ಹೇರ್‌ಸ್ಪ್ರಿಂಗ್, ಇರುತ್ತದೆ. ಅದರ ಒಂದು ಸುತ್ತು ಸೊಟ್ಟಗಾದರೆ ಸಾಕು, ವಾಚು ಸರಿ ಸಮಯಕ್ಕಿಂತ ಮುಂದೆ ಓಡಲು ಶುರುಮಾಡುತ್ತದೆ, ಇಲ್ಲವೇ ನಿಂತೇ ಹೋಗುತ್ತದೆ. ಡಯಲನ್ನು ಗೋಂದಿನಲ್ಲಿ ಅಂಟಿಸಬೇಡ, ಅದರ ಹಿಂಬದಿಗೆ ಪುಟ್ಟ ಕಾಲು ಕೊಟ್ಟು ಸ್ಕ್ರೂನಲ್ಲಿ ಹಿಡಿಸು.

ಬೇರೆಯವರು ಮಾಡಿದ ರೆಡಿ ಮೂವ್‌ಮೆಂಟ್, ಅಂದರೆ ವಾಚಿನ ಒಳಗಿನ ಯಂತ್ರ, ಹಾಕುವುದಕ್ಕೆ ನಾಚಿಕೆ ಬೇಡ. ಯಾರದ್ದು ಅಂತ ಮಾತ್ರ ಮುಚ್ಚುಮರೆಯಿಲ್ಲದೆ ಹೇಳು. ಬಿಡಿಭಾಗ ಸುಲಭವಾಗಿ ಸಿಗುವಂಥದ್ದನ್ನೇ ಆರಿಸು.

ಇನ್ನೊಂದು ಮಾತು. ಕೈಕೆಲಸ ಅಂದಮೇಲೆ ಸ್ವಲ್ಪ ಏರುಪೇರು ಇದ್ದರೇನೇ ಚೆಂದ ಅಂತ ಬರೆದಿದ್ದೀಯ. ನಾನು ಒಪ್ಪಲ್ಲ. ಇಂಗ್ಲಿಷ್ ವಾಚು ತಯಾರಕ ರೋಜರ್ ಸ್ಮಿತ್ ತಾನು ಮಾಡಿದ ಮೊದಲ ಜೇಬುಗಡಿಯಾರವನ್ನು ಹಿರಿಯ ತಯಾರಕ ಜಾರ್ಜ್ ಡೇನಿಯಲ್ಸ್ ಅವರಿಗೆ ತೋರಿಸಿದಾಗ, ಕೈಯಲ್ಲಿ ಮಾಡಿದ್ದು ಅಂತ ಕಾಣುತ್ತದೆ ಅನ್ನುವ ಕಾರಣಕ್ಕೇ ಅವರು ಅದನ್ನು ಒಪ್ಪಲಿಲ್ಲ. ಸ್ಮಿತ್ ಮತ್ತೆ ಮೊದಲಿಂದ ಕೂತರು. ಎರಡನೆಯದಕ್ಕೆ ಐದು ವರ್ಷಕ್ಕೂ ಜಾಸ್ತಿ ಹಿಡಿಯಿತು, ಅದನ್ನು ಡೇನಿಯಲ್ಸ್ ಮೆಚ್ಚಿದರು. ಅರದ ಗುರುತು ಉಳಿದಿದ್ದರೆ ಕೆಲಸ ಇನ್ನೂ ಬಾಕಿ ಇದೆ ಅಂತಲೇ ತಿಳಿದುಕೋ.

ಹಣದ ವಿಷಯ ನಿಮ್ಮಪ್ಪನ ಹತ್ತಿರ ಮಾತಾಡು, ನನಗಿಂತ ಅವನಿಗೆ ಚೆನ್ನಾಗಿ ಗೊತ್ತು.

ಮೊದಲ ವಾಚನ್ನು ಮಾರಬೇಡ, ನೀನೇ ಒಂದು ವರ್ಷ ಕಟ್ಟಿಕೋ. ಮಣಿಕಟ್ಟು ಮಡಚಿದಾಗ ಕೀಲಿ ಕೊಡುವ ಗುಂಡಿ ಚುಚ್ಚುತ್ತದಾ, ಅಂಗಿ ತೋಳಿನ ಅಂಚಿಗೆ ಕೇಸ್ ಸಿಕ್ಕಿಕೊಳ್ಳುತ್ತದಾ, ಮಬ್ಬುಬೆಳಕಿನಲ್ಲಿ ಮುಳ್ಳುಗಳು ಡಯಲಿನ ಬಣ್ಣದಲ್ಲೇ ಕರಗಿಹೋಗುತ್ತವಾ, ಇವೆಲ್ಲ ಕಂಪ್ಯೂಟರ್ ಪರದೆಯ ಮೇಲೆ ಗೊತ್ತಾಗಲ್ಲ. ಅಲ್ಲಿಯವರೆಗೆ ಯಾರಿಂದಲೂ ಮುಂಗಡ ತಗೋಬೇಡ.

ಇಂತಿ ನಿನ್ನ
ದೊಡ್ಡಪ್ಪ