ಕೆಟ್ಟೇ ಕೆಡುವ ನಿಯಮಕ್ಕೆ ಪರೀಕ್ಷೆ ಹೇಗೆ?

ಮಾನ್ಯರೇ,

‘ಅಂಗಳದಲ್ಲಿ ಅಡಿಕೆ ಹರಗಿದರೆ ಮಳೆ ಬಂದೇ ಬರುತ್ತದೆ, ಯಾರಾದರೂ ಇದನ್ನು ಪರೀಕ್ಷಿಸಿ ನೋಡಬೇಕು’ ಎಂದು ಓದುಗರೊಬ್ಬರು ಈ ಅಂಕಣದಲ್ಲಿ ಬರೆದಿದ್ದರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು ನಾನು, ಪರೀಕ್ಷೆ ಎಂದರೆ ಕಿವಿ ನೆಟ್ಟಗಾಗುತ್ತದೆ. ಆದರೆ ಇಲ್ಲೊಂದು ತೊಡಕಿದೆ. ಕೆಡಬಹುದಾದದ್ದು ಕೆಟ್ಟೇ ಕೆಡುತ್ತದೆ ಎಂಬುದು ನಿಜವಾದರೆ, ಅದನ್ನು ಸಾಧಿಸಹೊರಟ ಪ್ರಯೋಗವೂ ಕೆಡಬೇಕಲ್ಲ? ಮಳೆ ಬರಲೆಂದೇ ಹರಗಿದ ದಿನ ಸುಡುಬಿಸಿಲು ಹೊಡೆದರೆ, ನಿಯಮ ಸುಳ್ಳಾಯಿತೆನ್ನುವುದೋ, ಪ್ರಯೋಗ ಕೆಟ್ಟದ್ದರಿಂದ ನಿಜವಾಯಿತೆನ್ನುವುದೋ?

ಈ ನಿಯಮಕ್ಕೆ ‘ಮರ್ಫಿಯ ನಿಯಮ’ ಎಂಬ ಹೆಸರು ಅಂಟಿದ್ದೂ ಕೆಟ್ಟುಹೋದ ಪ್ರಯೋಗದಿಂದಲೇ. 1949ರಲ್ಲಿ ಕ್ಯಾಲಿಫೋರ್ನಿಯಾದ ವಾಯುನೆಲೆಯಲ್ಲಿ, ರಾಕೆಟ್ ಬಂಡಿ ಗಕ್ಕನೆ ನಿಂತಾಗ ಮನುಷ್ಯನ ಮೈ ಎಷ್ಟು ತಾಳೀತು ಎಂದು ನೋಡುತ್ತಿದ್ದರು. ಎಂಜಿನಿಯರ್ ಎಡ್ವರ್ಡ್ ಮರ್ಫಿ ತಂದ ಸೆನ್ಸರುಗಳನ್ನು ಉಲ್ಟಾ ಜೋಡಿಸಿದ್ದರಿಂದ ಅಳತೆಯೇ ಸಿಗಲಿಲ್ಲ.

ಬೆಣ್ಣೆ ಹಚ್ಚಿದ ಬ್ರೆಡ್ಡು ಕೈಜಾರಿದರೆ ಬೆಣ್ಣೆಯ ಮಗ್ಗುಲೇ ನೆಲಕ್ಕೆ ಎಂಬ ನಿಯಮದ ಕತೆ ಇನ್ನೂ ಚೆನ್ನ. 1991ರಲ್ಲಿ ಬಿಬಿಸಿಯವರು 300 ಸಲ ಬ್ರೆಡ್ಡನ್ನು ಮೇಲಕ್ಕೆಸೆದು ನೋಡಿದರು. ಬೆಣ್ಣೆ ಕೆಳಗಾದದ್ದು ಹೆಚ್ಚುಕಡಿಮೆ ಅರ್ಧಕ್ಕರ್ಧ. ನಿಯಮ ಬಿದ್ದುಹೋಯಿತು ಅಂದುಕೊಂಡರು. ಬ್ರೆಡ್ಡನ್ನು ಮೇಲಕ್ಕೆಸೆದು ತಿನ್ನುವವರು ಯಾರಿದ್ದಾರೆ ಸ್ವಾಮೀ? ಅದು ಮೇಜಿನ ಅಂಚಿನಿಂದ ಜಾರುವುದು. ಹಾಗೆ ಜಾರಿದ್ದಕ್ಕೆ ನೆಲ ಮುಟ್ಟುವಷ್ಟರಲ್ಲಿ ಅರ್ಧ ಸುತ್ತು ತಿರುಗುವಷ್ಟೇ ಪುರುಸೊತ್ತು ಎಂದು ಬ್ರಿಟನ್ನಿನ ಭೌತವಿಜ್ಞಾನಿ ರಾಬರ್ಟ್ ಮ್ಯಾಥ್ಯೂಸ್ 1995ರಲ್ಲಿ ಲೆಕ್ಕ ಹಾಕಿ ತೋರಿಸಿದರು. ತಪ್ಪು ಬೆಣ್ಣೆಯ ಭಾರದ್ದಲ್ಲ, ಮೇಜಿನ ಎತ್ತರದ್ದು. ಮರುವರ್ಷ ಅವರಿಗೆ, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಇಗ್ನೊಬೆಲ್ ಬಹುಮಾನ ಬಂತು. ಮುಂದೆ ಬ್ರಿಟನ್ನಿನ ಶಾಲಾ ಮಕ್ಕಳು 9,821 ಸಲ ಬೀಳಿಸಿದಾಗ ಶೇ. 62ರಷ್ಟು ಸಲ ಬೆಣ್ಣೆಯೇ ಕೆಳಗೆ. ನೆಲದಲ್ಲಿ ಮಣೆ ಹಾಕಿ ಕೂತು ತೆಳ್ಳವು (ತೆಳು ದೋಸೆ) ತಿನ್ನುವವರಿಗೆ ಈ ಕಾಟವಿಲ್ಲ, ಅದು ಬೇರೆ ಮಾತು.

ಇನ್ನು ಅಡಿಕೆ. ಚಾಲಿ, ಅಂದರೆ ಸಿಪ್ಪೆಸಮೇತ ಒಣಗಿಸುವ ಹಣ್ಣಡಿಕೆ, ಒಣಗಲು ಸುಮಾರು 40 ದಿನದ ಬಿಸಿಲು ಬೇಕು. ಮೊದಲ ಕೊಯ್ಲು ಅಂಗಳಕ್ಕೆ ಬರುವುದು ತುಲಾ ಮಾಸದ (ಅಕ್ಟೋಬರ್–ನವೆಂಬರ್) ಗುಡುಗು ಮಳೆ ಇನ್ನೂ ತೀರದ ಹೊತ್ತಿಗೆ. ಅಷ್ಟು ದಿನದಲ್ಲಿ ಒಂದು ಸಂಜೆಯೂ ನೆನೆಯದಿದ್ದರೆ ಅದೇ ಆಶ್ಚರ್ಯ. ಒಣಗಿದ ದಿನಗಳನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಟರ್ಪಾಲು ಹಿಡಿದು ಓಡಿದ್ದನ್ನು ಮಾತ್ರ ಮೂರು ತಲೆಮಾರು ಹೇಳುತ್ತದೆ.

ಇಷ್ಟನ್ನೂ ಪಕ್ಕದ ಮನೆಯ ಭಟ್ಟರಿಗೆ ಹೇಳಿದೆ. ಅವರು ಕವಳ ಉಗಿದು ಬಂದು, ‘‘ಹಾಗಾದ್ರೆ ಮಾಷ್ಟ್ರೇ, ಪ್ರಯೋಗ ನಮ್ಮ ಅಂಗಳದಲ್ಲೇ ಆಗಲಿ. ನೀವು ಮಳೆಗೆ ಕಾಯ್ತಾ ಕೂತ್ಕೊಳ್ಳಿ, ನನ್ನ ಅಡಿಕೆ ಒಣಗ್ತದೆ’’ ಎಂದರು. ಒಪ್ಪಿದೆ. ಆದರೆ ಟರ್ಪಾಲನ್ನು ಒಳಗಿಡಿ ಎಂದರೆ ಸುತರಾಂ ಕೇಳಲೊಲ್ಲರು. ಟರ್ಪಾಲು ಕೈಗೆಟುಕುವಲ್ಲಿದ್ದರೆ ಮಳೆ ಬರುವುದಿಲ್ಲವೆಂಬುದು ಅವರ ಖಾಸಾ ನಿಯಮ. ನಾನೂ ಕೂತು, ಟರ್ಪಾಲೂ ಇದ್ದು, ಮಳೆ ಬಾರದಿದ್ದರೆ ಅದು ಯಾರ ಲೆಕ್ಕಕ್ಕೆ? ಪ್ರಯೋಗ ಅಲ್ಲಿಗೇ ನಿಂತಿದೆ. ಆ ಪತ್ರ ಬರೆದ ಮಹನೀಯರು ದಾರಿ ಸೂಚಿಸುವುದಾದರೆ, ಭಟ್ಟರ ಅಂಗಳ ಮುಂದಿನ ಕೊಯ್ಲಿನವರೆಗೂ ತಯಾರಿದೆ.

– ನಿವೃತ್ತ ಅಧ್ಯಾಪಕ, ಬದಿಯಡ್ಕ, ಕಾಸರಗೋಡು